ಕ್ಯಾನ್ಸರ್ ಔಷಧ ಹೊರಲು ರೇಷ್ಮೆಯೇ ಬೇಕಾ? ವಸ್ತು ಆರಿಸುವವರಿಗೆ ಒಂದು ಹೋಲಿಕೆ

ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಪ್ರಶ್ನೆ ಬಂದವು. ಮೊದಲನೆಯದು ಗುಳೇದಗುಡ್ಡದ ಹುಡುಗಿಯದು. ಬೆಳಗಾವಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದಾಳೆ. ಮನೆಯಲ್ಲಿ ಖಣ ನೇಯುವ ಮಗ್ಗ ಇದೆ. "ಮೇಡಂ, ರೇಷ್ಮಿ ಮ್ಯಾಲೆ ಪ್ರಾಜೆಕ್ಟ್ ಮಾಡ್ಬೇಕಂತ ಭಾಳ ಆಸೆ ಐತ್ರಿ. ಗೈಡ್ ಸರ್ ಪಿಎಲ್‌ಜಿಎ ತಗೋ ಅಂತಾರ್ರಿ. ಸೀನಿಯರ್ಸ್ ಕೈಟೊಸಾನ್ ಸೋವಿ ಅಂತಾರ್ರಿ. ಯಾವ್ದು ತಗೊಳ್ಲಿ?" ಅಂದಳು. ಪಿಎಲ್‌ಜಿಎ, ಕೈಟೊಸಾನ್ ಎರಡೂ ರೇಷ್ಮೆಯ ಹಾಗೆ ಔಷಧ ಹೊರಲು ಬಳಸುವ ವಸ್ತುಗಳು. ಎರಡನೆಯದು ಬೈಲಹೊಂಗಲದಿಂದ ಬಂದ ಫೋನು. "ಅಕ್ಕಾರ, ರೇಷ್ಮಿಯಿಂದ ಮಾಡಿದ ಕ್ಯಾನ್ಸರ್ ಔಷಧ ಬಂದೈತಂತಲ್ರಿ. ನಮ್ಮವ್ವಗ ಕೊಡಸ್‌ಬಹುದೇನ್ರಿ?"

ಹುಡುಗಿಗೆ ಉತ್ತರ ಹೇಳಲು ಸಮಯ ಇತ್ತು. ಫೋನಿನಲ್ಲಿದ್ದವರಿಗೆ ಇರಲಿಲ್ಲ. ಹಾಗಾಗಿ ಅವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಮನೆಯಲ್ಲಿ ರೋಗಿ ಇದ್ದವರು ಇಷ್ಟನ್ನು ಓದಿದರೆ ಸಾಕು

ರೇಷ್ಮೆಯ ನ್ಯಾನೊ ಕಣದಲ್ಲಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣದಲ್ಲಿ, ತುಂಬಿದ ಕ್ಯಾನ್ಸರ್ ಔಷಧ ಇವತ್ತು ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಕೆಲಸ ಆಗಿರುವುದು ಹೆಚ್ಚಾಗಿ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮತ್ತು ಇಲಿಗಳ ಮೇಲೆ. ಅದಕ್ಕಾಗಿ ಕಾಯುತ್ತಾ ಕೀಮೊ ಮುಂದೂಡಬೇಡಿ. ಯಾರಾದರೂ ರೇಷ್ಮೆ ಪುಡಿ, ಸೆರಿಸಿನ್ (ರೇಷ್ಮೆಯ ಅಂಟು) ಮಾತ್ರೆ ಅಂತ ಮಾರಿದರೆ ಅದು ಕ್ಯಾನ್ಸರ್ ಔಷಧ ಅಲ್ಲ. ಯುನಾನಿಯಲ್ಲಿ ಅಬ್ರೇಶಮ್ ಅಂತ ರೇಷ್ಮೆ ಗೂಡನ್ನು ಬಹಳ ಹಿಂದಿನಿಂದ ಬಳಸುತ್ತಾರೆ, ನಿಜ. ಆದರೆ ಅದು ಬೇರೆ ವಿಷಯ. ಗಡ್ಡೆ ಕರಗಿಸುವ ನ್ಯಾನೊ ಔಷಧಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆದರೆ ನ್ಯಾನೊ ಔಷಧವೇ ಇಲ್ಲ ಅಂತಲ್ಲ. ಎರಡು ಬಗೆ ನಮ್ಮ ಕಡೆಯ ಕ್ಯಾನ್ಸರ್ ವಿಭಾಗಗಳಲ್ಲೂ ಗೊತ್ತಿರುವಂಥವು. ಒಂದು ಲಿಪೊಸೋಮಲ್ ಡಾಕ್ಸೊರುಬಿಸಿನ್. ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಔಷಧ ತುಂಬಿರುತ್ತದೆ. ಅಮೆರಿಕದಲ್ಲಿ 1995ರಲ್ಲಿ ಡಾಕ್ಸಿಲ್ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು. ಇನ್ನೊಂದು ರಕ್ತದಲ್ಲಿರುವ ಅಲ್ಬ್ಯುಮಿನ್ ಪ್ರೋಟೀನ್‌ಗೆ ಕಟ್ಟಿದ ಪ್ಯಾಕ್ಲಿಟ್ಯಾಕ್ಸೆಲ್. 2005ರಲ್ಲಿ ಅಬ್ರಾಕ್ಸೇನ್ ಆಗಿ ಬಂತು. ಎರಡಕ್ಕೂ ಭಾರತದ ಕಂಪನಿಗಳ ಜೆನೆರಿಕ್ ಇವೆ.

ಯಾವುದು ಯಾರಿಗೆ? ಸಾದಾ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತದೆ. ಆದ್ದರಿಂದ ಜೀವಮಾನಕ್ಕೆಲ್ಲ ಸೇರಿ ಇಷ್ಟೇ ಅಂತ ಡಾಕ್ಟರು ಲೆಕ್ಕ ಇಡುತ್ತಾರೆ. ಲಿಪೊಸೋಮಿನಲ್ಲಿ ಆ ಪೆಟ್ಟು ಕಡಿಮೆ. ಆದರೆ ಅಂಗೈ ಅಂಗಾಲು ಕೆಂಪಾಗಿ ಉರಿಯುವುದು, ಸಿಪ್ಪೆ ಏಳುವುದು ಜಾಸ್ತಿ. ರೊಟ್ಟಿ ಬಡಿಯುವ ಕೈಗೆ ಅದು ಸಣ್ಣ ತೊಂದರೆ ಏನಲ್ಲ. ಇನ್ನು ಸಾದಾ ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದ ಔಷಧ. ಅದನ್ನು ಕರಗಿಸಲು ಹರಳೆಣ್ಣೆಯಿಂದ ತಯಾರಾದ ಒಂದು ದ್ರಾವಕ ಬೇಕು. ಕೆಲವರಿಗೆ ಆ ದ್ರಾವಕದಿಂದಲೇ ಅಲರ್ಜಿ ಆಗುತ್ತದೆ. ಅಲ್ಬ್ಯುಮಿನ್ ರೂಪದಲ್ಲಿ ಅದರ ಗೊಡವೆ ಇಲ್ಲ. ಕೈಕಾಲು ಜೋಮು ಹಿಡಿಯುವುದು ಮಾತ್ರ ಇದರಲ್ಲೂ ಉಂಟು. ಬೆಲೆ ಎರಡರಲ್ಲೂ ಸಾದಾ ರೂಪಕ್ಕಿಂತ ಜಾಸ್ತಿ.

ಡಾಕ್ಟರ ಹತ್ತಿರ ಎರಡೇ ಮಾತು ಕೇಳಿ. "ನಮ್ಮವ್ವನ ಹೃದಯಕ್ಕೆ ಸಾದಾ ಔಷಧ ತಡೀತದೇನ್ರಿ?" ಮತ್ತು "ನ್ಯಾನೊ ರೂಪ ಯೋಜನೆಯ ಪ್ಯಾಕೇಜಿನೊಳಗೆ ಬರ್ತದೇನ್ರಿ, ಹೊರಗಿಂದ ತರಬೇಕೇನ್ರಿ?" ಮೆಡಿಕಲ್ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ತರಲೇಬೇಡಿ. ಹೆಸರು ಒಂದೇ ಇದ್ದರೂ ಮಿಲಿಗ್ರಾಂ ಲೆಕ್ಕ ಬೇರೆ.

ಇಲ್ಲಿಂದ ಮುಂದೆ ಪ್ರಾಜೆಕ್ಟಿಗೆ, ಪಿಎಚ್‌ಡಿಗೆ ವಸ್ತು ಹುಡುಕುತ್ತಿರುವವರ ಜೊತೆ ಮಾತಾಡುತ್ತೇನೆ.

ವಸ್ತುವಿಗಿಂತ ಮೊದಲು ಏನು ನೋಡಬೇಕು

ನಮ್ಮ ಹುಡುಗರು ಹೆಚ್ಚಾಗಿ ಉಲ್ಟಾ ಹೋಗುತ್ತಾರೆ. ಮೊದಲು ರೇಷ್ಮೆ ಅಂತ ಗಟ್ಟಿ ಮಾಡುತ್ತಾರೆ, ಆಮೇಲೆ ಅದಕ್ಕೊಂದು ಔಷಧ ಹುಡುಕುತ್ತಾರೆ, ಕೊನೆಗೆ ಯಾವ ಕ್ಯಾನ್ಸರ್ ಅಂತ ನೋಡುತ್ತಾರೆ. ಇದನ್ನು ತಿರುಗಿಸಬೇಕು.

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಔಷಧವನ್ನು ರಕ್ತನಾಳಕ್ಕೆ ಬಿಡುತ್ತೀರಾ, ಅಥವಾ ಗಡ್ಡೆ ಇದ್ದ ಜಾಗದಲ್ಲೇ ಇಡುತ್ತೀರಾ? 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಒಂದು ವಿಷಯ ತೋರಿಸಿದರು. ಗಡ್ಡೆಯ ರಕ್ತನಾಳಗಳ ಗೋಡೆ ಸೋರುತ್ತದೆ, ಹಾಗಾಗಿ ದೊಡ್ಡ ಕಣಗಳು ಅಲ್ಲಿ ಇಳಿದು ಉಳಿಯುತ್ತವೆ. ನ್ಯಾನೊ ಔಷಧದ ಆಸೆಯೆಲ್ಲ ನಿಂತಿದ್ದು ಇದರ ಮೇಲೆ. ಆದರೆ 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ಅವರ ತಂಡ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದರ ಮಧ್ಯಮ ಮೌಲ್ಯ ಶೇ. 0.7. ಸಾವಿರ ಕಣ ಬಿಟ್ಟರೆ ಏಳು. ಉಳಿದವುಗಳಲ್ಲಿ ಬಹಳಷ್ಟನ್ನು ಯಕೃತ್ತು ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ. ಈ ಸಂಖ್ಯೆಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ ಅಂತ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ನಿಮ್ಮ ವಸ್ತು ಯಾವುದೇ ಇರಲಿ, ರಕ್ತದ ದಾರಿ ಹಿಡಿದರೆ ಈ ಸಂಖ್ಯೆಯ ಜೊತೆ ಗುದ್ದಾಡಲೇಬೇಕು.

ಎರಡನೆಯದು ಔಷಧದ ಸ್ವಭಾವ. ನೀರಿನಲ್ಲಿ ಕರಗುತ್ತದಾ? ಧನ ಆವೇಶ ಇದೆಯಾ, ಋಣ ಇದೆಯಾ? ಅಣು ಸಣ್ಣದಾ? ವಸ್ತುವಿಗೂ ಔಷಧಕ್ಕೂ ಜೋಡಿ ಕೂಡದಿದ್ದರೆ ಎಷ್ಟು ಕಷ್ಟಪಟ್ಟರೂ ಔಷಧ ತುಂಬುವುದಿಲ್ಲ.

ಮೂರನೆಯದು, ನಾಳೆ ಮತ್ತೆ ಮಾಡಿದರೆ ಅದೇ ಬರುತ್ತದಾ? ಇದನ್ನು ಯಾರೂ ಮೊದಲ ದಿನ ಕೇಳುವುದಿಲ್ಲ. ವೈವಾದಲ್ಲಿ ಮಾತ್ರ ಇದೇ ಪ್ರಶ್ನೆ ಬರುತ್ತದೆ.

ಆಮೇಲೆ ದೇಹದಲ್ಲಿ ಅದು ಎಷ್ಟು ದಿನ ಇರುತ್ತದೆ, ಒಡೆದು ಏನಾಗುತ್ತದೆ, ಮನುಷ್ಯರ ಮೇಲೆ ಬಳಸಿದ ಇತಿಹಾಸ ಇದೆಯಾ. ಕೊನೆಗೆ ದುಡ್ಡು ಮತ್ತು ಮಷಿನ್ನು.

ಫೈಬ್ರೋಯಿನ್: ರೇಷ್ಮೆಯ ತಿರುಳು

ರೇಷ್ಮೆ ದಾರದಲ್ಲಿ ಎರಡು ಪ್ರೋಟೀನ್ ಇವೆ. ಒಳಗಿನ ಗಟ್ಟಿ ಎಳೆ ಫೈಬ್ರೋಯಿನ್, ತೂಕದಲ್ಲಿ ಶೇ. 70ರಿಂದ 80. ಹೊರಗಿನ ಅಂಟು ಸೆರಿಸಿನ್, ಶೇ. 20ರಿಂದ 30. ಗುಳೇದಗುಡ್ಡ, ಇಳಕಲ್ಲಿನ ಮನೆಗಳಲ್ಲಿ ಹಿರಿಯರು ಸಾಬೂನು, ಸೋಡಾ ಹಾಕಿ ನೂಲು ಕುದಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಬಿನಲ್ಲೂ ಅದೇ ಕೆಲಸ, ಅಳತೆ ಮಾತ್ರ ಬಿಗಿ.

ಕತ್ತರಿಸಿದ ಗೂಡು 5 ಗ್ರಾಂ. ಎರಡು ಲೀಟರ್ ನೀರಿಗೆ 4.24 ಗ್ರಾಂ ಸೋಡಿಯಂ ಕಾರ್ಬೊನೇಟ್. 30 ನಿಮಿಷ ಕುದಿಸಬೇಕು. ತೊಳೆದು, ಹಿಂಡಿ, ಒಣಗಿಸಿ ತೂಕ ಮಾಡಿದರೆ ಸುಮಾರು 3.5 ಗ್ರಾಂ ಉಳಿಯಬೇಕು. ನಾಲ್ಕೂವರೆ ಉಳಿದರೆ ಅಂಟು ಹೋಗಿಲ್ಲ ಅಂತ ಅರ್ಥ. ಯಾವ ಮಷಿನ್ನೂ ಬೇಡ, ತಕ್ಕಡಿ ಸಾಕು. ಈ ಅಂಟು ಪೂರ್ತಿ ಹೋಗುವುದು ಮುಖ್ಯ. ಅಂಟು ಉಳಿದ ಹಸಿ ರೇಷ್ಮೆ ದಾರದಿಂದ ಅಲರ್ಜಿ ಆದ ದಾಖಲೆಗಳಿವೆ.

ನಾನು ಮೊದಲ ಸಲ ಮಾಡಿದಾಗ ಇನ್ನೂ ಶುದ್ಧ ಆಗಲಿ ಅಂತ ಒಂದು ತಾಸು ಕುದಿಸಿದೆ. ಕಣ್ಣಿಗೆ ಹತ್ತಿಯ ಹಾಗೆ ಬೆಳ್ಳಗೆ ಕಂಡಿತು. ಆದರೆ ಜಾಸ್ತಿ ಕುದಿಸಿದಷ್ಟೂ ಫೈಬ್ರೋಯಿನ್ನಿನ ಉದ್ದ ಸರಪಳಿ ತುಂಡಾಗುತ್ತದೆ. ಅದರಿಂದ ಮಾಡಿದ ಪದರ ಬೆರಳಿಗೆ ಸಿಕ್ಕರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಎರಡು ತಿಂಗಳ ಅಂಕಿಗಳನ್ನೆಲ್ಲ ಬಿಡಬೇಕಾಯಿತು. 30 ನಿಮಿಷ ಅಂದರೆ 30 ನಿಮಿಷವೇ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಒಣಗಿದ ಎಳೆಯನ್ನು 9.3 ಮೋಲಾರ್ ಲಿಥಿಯಂ ಬ್ರೋಮೈಡಿನಲ್ಲಿ, 60 ಡಿಗ್ರಿಯಲ್ಲಿ, ನಾಲ್ಕು ತಾಸು ಇಟ್ಟರೆ ಜೇನಿನ ಬಣ್ಣದ ಮಂದ ದ್ರವ ಆಗುತ್ತದೆ. ಅದನ್ನು ಡಯಾಲಿಸಿಸ್ ಚೀಲಕ್ಕೆ ತುಂಬಿ ಎರಡು ದಿನ ನೀರು ಬದಲಿಸುತ್ತಾ ಉಪ್ಪು ತೆಗೆಯಬೇಕು. ಲಿಥಿಯಂ ಬ್ರೋಮೈಡ್ ದುಬಾರಿ ಅಂತ ಎಲ್ಲರೂ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ. 3.5 ಗ್ರಾಂ ರೇಷ್ಮೆಗೆ ಸುಮಾರು 14 ಮಿಲಿ ಸಾಕು. ಅದರಲ್ಲಿ ಇರುವ ಉಪ್ಪು 11 ಗ್ರಾಂ ಅಷ್ಟೇ. ಅದೂ ಕಷ್ಟ ಅಂದರೆ ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರು 1:2:8 ಮೋಲ್ ಅನುಪಾತದಲ್ಲಿ ಬೆರೆಸಿದ ದ್ರಾವಣವೂ ರೇಷ್ಮೆ ಕರಗಿಸುತ್ತದೆ. ಎಲ್ಲ ಕಾಲೇಜಿನ ಸ್ಟೋರಿನಲ್ಲೂ ಇರುವ ಸಾಮಾನು. ಸರಪಳಿ ಸ್ವಲ್ಪ ಜಾಸ್ತಿ ತುಂಡಾಗುವ ಸಾಧ್ಯತೆ ಇದೆ. ಆದರೆ ಒಂದು ಪ್ರಾಜೆಕ್ಟಿನ ಉದ್ದಕ್ಕೂ ಅದನ್ನೇ ಬಳಸಿದರೆ ಹೋಲಿಕೆಗೆ ತೊಂದರೆ ಇಲ್ಲ.

ಕಣ ಮಾಡುವುದು ನೋಡಲಿಕ್ಕೆ ಚಂದ. ಅಸಿಟೋನಿನೊಳಗೆ ರೇಷ್ಮೆ ದ್ರಾವಣವನ್ನು ಹನಿ ಹನಿ ಬಿಟ್ಟರೆ ಬಿದ್ದ ಜಾಗದಲ್ಲೇ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಒಟ್ಟು ದ್ರವದಲ್ಲಿ ಅಸಿಟೋನ್ ಶೇ. 75ಕ್ಕಿಂತ ಕೆಳಗೆ ಇಳಿಯಬಾರದು. ಸರಿಯಾಗಿ ಬಂದರೆ 100 ನ್ಯಾನೊಮೀಟರ್ ಆಸುಪಾಸಿನ ಕಣ. ಐಐಟಿ ಖರಗ್‌ಪುರದ ಎಸ್.ಸಿ. ಕುಂಡು ಅವರ ತಂಡ 2010ರಲ್ಲೇ ಇಂಥ ಫೈಬ್ರೋಯಿನ್ ಕಣಗಳ ಬಗ್ಗೆ ಪ್ರಕಟಿಸಿತ್ತು. ಅವರು ಬಳಸಿದ ದ್ರಾವಕ ಬೇರೆ, ಗಾತ್ರವೂ ಸ್ವಲ್ಪ ದೊಡ್ಡದು.

ಫೈಬ್ರೋಯಿನ್ ಗೆಲ್ಲುವುದು ಡಾಕ್ಸೊರುಬಿಸಿನ್ ಜೊತೆ. ರಕ್ತದ ಪಿಎಚ್‌ನಲ್ಲಿ ಫೈಬ್ರೋಯಿನ್ನಿಗೆ ಋಣ ಆವೇಶ, ಡಾಕ್ಸೊರುಬಿಸಿನ್ನಿಗೆ ಧನ. ಎರಡೂ ಅಂಟಿಕೊಳ್ಳುತ್ತವೆ. ಈ ಔಷಧ ದಾಸವಾಳದಂಥ ಕೆಂಪು. ಬಿಳಿ ಕಣಗಳ ಜೊತೆ ರಾತ್ರಿಯಿಡೀ ತಿರುಗಿಸಿ, ಬೆಳಿಗ್ಗೆ ಸೆಂಟ್ರಿಫ್ಯೂಜಿನಿಂದ ಟ್ಯೂಬ್ ತೆಗೆದು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಕುಂಕುಮದ ಬೊಟ್ಟಿನಂಥ ಗಟ್ಟಿ ಕೆಂಪು, ಮೇಲಿನ ನೀರು ತಿಳಿ ಗುಲಾಬಿ. ಔಷಧ ಎಲ್ಲಿಗೆ ಹೋಯಿತು ಅಂತ ಕಣ್ಣೇ ಹೇಳುತ್ತದೆ. ಅಳತೆಗೆ ಸಾದಾ ಸ್ಪೆಕ್ಟ್ರೊಫೋಟೊಮೀಟರ್ ಸಾಕು, 480 ನ್ಯಾನೊಮೀಟರ್ ಹತ್ತಿರ ಓದಬೇಕು.

ಬಿಡುಗಡೆಯೂ ಹಾಗೆಯೇ. ಜೀವಕೋಶ ಕಣವನ್ನು ನುಂಗಿದ ಮೇಲೆ ಅದು ಸೇರುವ ಲೈಸೊಸೋಮ್, ಅಂದರೆ ಜೀವಕೋಶದೊಳಗಿನ ಜೀರ್ಣಚೀಲ, ಹುಳಿ. ಅಲ್ಲಿ ರೇಷ್ಮೆಯ ಋಣ ಆವೇಶ ಇಳಿದು ಹಿಡಿತ ಸಡಿಲ ಆಗುತ್ತದೆ. 2013ರಲ್ಲಿ ಸಂಶೋಧಕರಾದ ಫಿಲಿಪ್ ಸೀಬ್, ಡೇವಿಡ್ ಕ್ಯಾಪ್ಲನ್ ಮತ್ತು ಜೊತೆಗಾರರು ಇದನ್ನು ತೋರಿಸಿದರು. ರಕ್ತದ ಹಾಗೆ ಪಿಎಚ್ 7.4 ಇದ್ದಾಗ ಔಷಧ ಕಡಿಮೆ ಹೊರಬಂತು, ಹುಳಿಯಾದ 4.5ರಲ್ಲಿ ಜಾಸ್ತಿ. ಡಾಕ್ಸೊರುಬಿಸಿನ್ನಿಗೆ ಬಗ್ಗದ ಸ್ತನ ಕ್ಯಾನ್ಸರ್ ಜೀವಕೋಶಗಳಲ್ಲೂ ರೇಷ್ಮೆ ಕಣ ಕೆಲಸ ಮಾಡಿತು. ಮರೆಯಬೇಡಿ, ಇದು ಲ್ಯಾಬಿನ ಜೀವಕೋಶಗಳ ಮಾತು.

ಇನ್ನು ತೊಂದರೆಗಳು. ಶುದ್ಧ ನೀರಿನಲ್ಲಿ ಚೆನ್ನಾಗಿ ತೇಲುವ ಈ ಕಣಗಳು ಉಪ್ಪು ನೀರು ಕಂಡರೆ ಗುಂಪು ಕಟ್ಟುತ್ತವೆ. ರಕ್ತವೂ ಉಪ್ಪು ನೀರೇ ಅಲ್ವಾ? ತಪ್ಪಿಸಲು ಮೇಲೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪಾಲಿಮರ್) ಹೊದಿಸಬೇಕು. ಅಲ್ಲಿಗೆ ಇನ್ನೊಂದು ಹಂತ, ಇನ್ನಷ್ಟು ಖರ್ಚು. ಮತ್ತೊಂದು, ದ್ರಾವಣ ಕಾಯುವುದಿಲ್ಲ. ವಿಜಯಪುರದ ಸ್ನೇಹಿತರ ಲ್ಯಾಬಿನಲ್ಲಿ ತಯಾರಿಸಿದ ದ್ರಾವಣವನ್ನು ಒಂದು ಮೇ ತಿಂಗಳಲ್ಲಿ ಬಸ್ಸಿನಲ್ಲಿ ಬೆಳಗಾವಿಗೆ ತಂದೆ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಇಟ್ಟಿದ್ದೆ. ಐಸ್ ದಾರಿಯಲ್ಲೇ ಕರಗಿತು, ಬಾಟಲಿ ಐದಾರು ತಾಸು ಕುಲುಕಿತು. ಇಳಿದು ನೋಡಿದರೆ ಒಳಗೆ ಗಡ್ಡೆ ಮೊಸರು. ಬಾಟಲಿ ಬೋರಲು ಹಾಕಿದರೂ ಬೀಳಲಿಲ್ಲ. ಶಾಖ ಮತ್ತು ಕುಲುಕಾಟ ಎರಡೂ ರೇಷ್ಮೆಯನ್ನು ಜೆಲ್ ಮಾಡುತ್ತವೆ ಅಂತ ಓದಿದ್ದೆ. ಅವತ್ತು ಕಣ್ಣಾರೆ ಕಂಡೆ. ದ್ರಾವಣವನ್ನು ಫ್ರಿಜ್ಜಿನಲ್ಲಿ ಅಲುಗಾಡದ ಹಾಗೆ ಇಡಿ, ಬೇಗ ಬಳಸಿ, ಊರೂರು ಸಾಗಿಸಬೇಡಿ.

ಇದೇ ತೊಂದರೆ ಇನ್ನೊಂದು ಕಡೆ ವರ

ಆ ಜೆಲ್ಲನ್ನು ಎಸೆಯುವ ಮೊದಲು ಒಂದು ಮಾತು ಯೋಚಿಸಿ. ಕಣ ಮಾಡದೆ ರೇಷ್ಮೆಯನ್ನು ಜೆಲ್ ಆಗಿ, ತೆಳು ಪದರ ಆಗಿ ಗಡ್ಡೆಯ ಜಾಗದಲ್ಲೇ ಇಟ್ಟರೆ? ಶೇ. 0.7ರ ಜಗಳವೇ ಇಲ್ಲ. ನನ್ನ ಮಟ್ಟಿಗೆ ರೇಷ್ಮೆಯ ನಿಜವಾದ ಜಾಗ ಇದು. ಸೀಬ್ ಮತ್ತು ಕ್ಯಾಪ್ಲನ್ ಡಾಕ್ಸೊರುಬಿಸಿನ್ ತುಂಬಿದ ರೇಷ್ಮೆ ಜೆಲ್ಲನ್ನು ಸ್ತನ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಗಡ್ಡೆಯ ಹತ್ತಿರ ಇಟ್ಟು ನೋಡಿದ್ದಾರೆ. ಅಷ್ಟೇ ಔಷಧವನ್ನು ರಕ್ತನಾಳಕ್ಕೆ ಕೊಟ್ಟದ್ದಕ್ಕಿಂತ ಇದು ಗಡ್ಡೆಯನ್ನು ಚೆನ್ನಾಗಿ ತಡೆಯಿತು.

ಜಾಗದಲ್ಲೇ ಔಷಧ ಇಡುವುದು ಹೊಸ ಕನಸೂ ಅಲ್ಲ. ಮೆದುಳಿನ ಗಡ್ಡೆ ತೆಗೆದ ಗುಳಿಯಲ್ಲಿ ಇಡುವ ಕಾರ್ಮುಸ್ಟಿನ್ ಬಿಲ್ಲೆ, ಗ್ಲಿಯಾಡೆಲ್, 1996ರಿಂದ ಇದೆ. ಅದರ ವಸ್ತು ಬೇರೆ, ರೇಷ್ಮೆ ಅಲ್ಲ. ಆದರೆ ದಾರಿ ಅದೇ. ರೇಷ್ಮೆಗೆ ಇಲ್ಲಿ ಮತ್ತೊಂದು ಬಲ: ಹೊಲಿಗೆ ದಾರವಾಗಿ ಅದು ಮನುಷ್ಯರ ದೇಹದಲ್ಲಿ ಬಹಳ ಕಾಲದಿಂದ ಇದೆ. ಎಥನಾಲ್ ಅಥವಾ ಮೆಥನಾಲ್ ಸೋಕಿಸಿದರೆ ಒಳಗಿನ ಹರಳು ರಚನೆ ಹೆಚ್ಚಿ ಪದರ ನಿಧಾನ ಕರಗುತ್ತದೆ. ಎಷ್ಟು ಹೊತ್ತು ಸೋಕಿಸಿದಿರಿ ಅನ್ನುವುದರ ಮೇಲೆ ಔಷಧ ಬಿಡುವ ವೇಗವನ್ನು ಹತೋಟಿಗೆ ತರಬಹುದು. ಪ್ರಾಜೆಕ್ಟಿಗೆ ಇದೊಂದೇ ಪ್ರಶ್ನೆ ಸಾಕು.

ಎಲ್ಲ ಔಷಧಕ್ಕೂ ಅಲ್ಲ. 5-ಫ್ಲೋರೊಯುರಾಸಿಲ್ ಥರ ಸಣ್ಣ, ನೀರಲ್ಲಿ ಕರಗುವ ಅಣು ರೇಷ್ಮೆ ಪದರದಿಂದ ಬೇಗ ಓಡಿಹೋಗುತ್ತದೆ. ಹರಡಿದ ಕ್ಯಾನ್ಸರ್‌ಗೆ ಈ ದಾರಿ ಉಪಯೋಗವೂ ಇಲ್ಲ.

ಸೆರಿಸಿನ್: ಅಗ್ಗ, ಆದರೆ ಚಂಚಲ

ಕುದಿಸಿದ ನೀರಿನಲ್ಲಿ ಸುಮ್ನೆ ಹರಿದುಹೋಗುವ ಅಂಟು ಇದು. ಕಚ್ಚಾ ಸಾಮಗ್ರಿಗೆ ಖರ್ಚೇ ಇಲ್ಲ ಅಂದರೂ ನಡೆಯುತ್ತದೆ. ಆದರೆ ಸಾಬೂನು ಸೋಡಾ ಬೆರೆತ ನೀರಿನಿಂದ ತೆಗೆಯಲು ಹೋಗಬೇಡಿ. ಗೂಡನ್ನು ಬರೀ ನೀರಿನಲ್ಲಿ ಆಟೊಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದರೆ, ರಾಸಾಯನಿಕ ಇಲ್ಲದ ಸೆರಿಸಿನ್ ಸಿಗುತ್ತದೆ. ಉಳಿದ ಎಳೆಯನ್ನು ಇನ್ನೊಮ್ಮೆ ಸೋಡಾದಲ್ಲಿ ತೊಳೆದರೆ ಫೈಬ್ರೋಯಿನ್ ಕೆಲಸಕ್ಕೂ ಆಗುತ್ತದೆ. ಒಂದೇ ಗೂಡಿಗೆ ಎರಡು ವಸ್ತು.

ತೊಡಕು ಏನೆಂದರೆ ಸೆರಿಸಿನ್ ಒಂದೇ ಅಣು ಅಲ್ಲ. ಸಣ್ಣದರಿಂದ ಬಹಳ ದೊಡ್ಡದರವರೆಗೆ ಹಲವು ತುಂಡುಗಳ ಗುಂಪು. ಆಟೊಕ್ಲೇವ್ ಹತ್ತು ನಿಮಿಷ ಹೆಚ್ಚಾದರೆ ಗುಂಪೇ ಬದಲು. ನೀರಿನಲ್ಲಿ ಕರಗುವುದರಿಂದ ಕಣವನ್ನು ಹಿಡಿದಿಡಲು ಗ್ಲುಟರಾಲ್ಡಿಹೈಡ್ ಥರದ ಬಂಧಕ ಬೇಕು, ಅದು ಸ್ವತಃ ವಿಷ. ಚೆನ್ನಾಗಿ ತೊಳೆಯದಿದ್ದರೆ ಕ್ಯಾನ್ಸರ್ ಜೀವಕೋಶ ಸತ್ತಿದ್ದು ನಿಮ್ಮ ಔಷಧದಿಂದಲಾ, ಬಂಧಕದಿಂದಲಾ ಗೊತ್ತಾಗುವುದಿಲ್ಲ. ಆರು ತಿಂಗಳ ಪ್ರಾಜೆಕ್ಟಿಗೆ ಇದನ್ನು ನಾನು ಹೇಳುವುದಿಲ್ಲ. ಬೇರೆ ಕಣದ ಮೇಲಿನ ಹೊದಿಕೆಯಾಗಿ ಬಳಸುವುದಾದರೆ ಸರಿ.

ಟಸರ್ ಅನ್ನುವ ಕಾಡು ರೇಷ್ಮೆಯ ಮಾತೂ ಬರುತ್ತದೆ. ಅದರ ಫೈಬ್ರೋಯಿನ್ನಿನಲ್ಲಿ ಜೀವಕೋಶಗಳು ಹಿಡಿದುಕೊಳ್ಳುವ ಆರ್‌ಜಿಡಿ ಅನ್ನುವ ಮೂರು ಅಮೈನೊ ಆಮ್ಲಗಳ ಕೊಂಡಿ ಇದೆ, ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿ ಇಲ್ಲ. ಆದರೆ ಟಸರ್ ಗೂಡು ಲಿಥಿಯಂ ಬ್ರೋಮೈಡಿಗೆ ಸುಲಭಕ್ಕೆ ಕರಗುವುದಿಲ್ಲ, ನಮ್ಮ ಜಿಲ್ಲೆಗಳಲ್ಲಿ ಸಿಗುವುದೂ ಇಲ್ಲ. ಜೇಡರ ರೇಷ್ಮೆ ಇನ್ನೂ ದೂರ. ಜೇಡಗಳನ್ನು ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆ. ಬ್ಯಾಕ್ಟೀರಿಯಾದಲ್ಲಿ ಆ ಪ್ರೋಟೀನ್ ಬೆಳೆಸುವ ಸೌಲಭ್ಯ ಇದ್ದವರು ಮಾತ್ರ ಆ ಕಡೆ ನೋಡಲಿ.

ರೇಷ್ಮೆಯ ಎದುರಾಳಿಗಳು

ಗೈಡ್ ಸರ್ ಪಿಎಲ್‌ಜಿಎ ಅಂದಿದ್ದರಲ್ಲಿ ತಪ್ಪಿಲ್ಲ. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳಿಂದ ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್. ಡಬ್ಬಿಯ ಮೇಲೆ ಬರೆದದ್ದೇ ಒಳಗೆ ಇರುತ್ತದೆ. ಮಳೆಗಾಲದ ಗೂಡು, ಬೇಸಿಗೆಯ ಗೂಡು ಅನ್ನುವ ರಗಳೆ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ತಿಂಗಳಿಗೊಮ್ಮೆ ಕೊಡುವ ಲ್ಯುಪ್ರೊಲೈಡ್ ಡಿಪೊ 1989ರಿಂದ ಇದೇ ಬಗೆಯ ವಸ್ತುವಿನಲ್ಲಿದೆ. ಅಲ್ಲಿ ನ್ಯಾನೊ ಅಲ್ಲ, ಮೈಕ್ರೊ ಗೋಲಿ. ನೀರಿನಲ್ಲಿ ಕರಗದ ಔಷಧಕ್ಕೆ ಪಿಎಲ್‌ಜಿಎ ಹೇಳಿಮಾಡಿಸಿದ ಹಾಗಿದೆ. ಡಾಕ್ಸೊರುಬಿಸಿನ್ ಉಪ್ಪಿನ ರೂಪ ನೀರಿನಲ್ಲಿ ಕರಗುವುದರಿಂದ ತುಂಬುವಾಗ ಹೊರಗೆ ಸೋರುತ್ತದೆ. ಒಡೆದಾಗ ಆಮ್ಲ ಆಗುವುದರಿಂದ ಪ್ರೋಟೀನ್ ಔಷಧಗಳಿಗೆ ಪೆಟ್ಟು. ಗ್ರಾಂ ಲೆಕ್ಕದಲ್ಲಿ ರೇಷ್ಮೆಗಿಂತ ಬಹಳ ದುಬಾರಿ, ತೇವ ತಾಗದ ಹಾಗೆ ತಣ್ಣಗೆ ಇಡಬೇಕು.

ಕೈಟೊಸಾನ್ ಸೀಗಡಿ, ಏಡಿ ಚಿಪ್ಪಿನಿಂದ ಬರುತ್ತದೆ. ಸೋವಿ ಹೌದು. ಸ್ವಲ್ಪ ಹುಳಿ ನೀರಿನಲ್ಲಿ ಕರಗಿಸಿ ಟ್ರೈಪಾಲಿಫಾಸ್ಫೇಟ್ ಹನಿಸಿದರೆ ಕಣ ತಯಾರು. ಆದರೆ ಇದಕ್ಕೂ ಧನ ಆವೇಶ, ಡಾಕ್ಸೊರುಬಿಸಿನ್ನಿಗೂ ಧನ. ಒಂದನ್ನೊಂದು ದೂಡುತ್ತವೆ. ರಕ್ತಕ್ಕೆ ಬಿಡುವುದಾದರೆ ಕೆಂಪು ರಕ್ತಕಣ ಒಡೆಯುತ್ತದಾ ಅಂತ ಮೊದಲು ನೋಡಬೇಕು. ಕೈಟೊಸಾನ್ ಗೆಲ್ಲುವ ಜಾಗ ಬಾಯಿ. ಬಾಯಿಯ ಲೋಳೆಗೆ ಋಣ ಆವೇಶ ಇರುವುದರಿಂದ ಇದು ಅಲ್ಲಿ ಅಂಟಿ ಕೂರುತ್ತದೆ. ನಿಪ್ಪಾಣಿ ಸೀಮೆಯ ತಂಬಾಕು, ಊರೂರ ಗುಟ್ಕಾ ನೋಡಿದವರಿಗೆ ಬಾಯಿ ಕ್ಯಾನ್ಸರ್ ಎಷ್ಟು ಹತ್ತಿರದ ನೋವು ಅಂತ ಗೊತ್ತು. ಆ ವಿಷಯ ಹಿಡಿದವರು ರೇಷ್ಮೆ ಪದರದ ಒಂದು ಮುಖಕ್ಕೆ ಕೈಟೊಸಾನ್ ಹಚ್ಚಿ ನೋಡಬಹುದು. ಒಂದು ಅಂಟುತ್ತದೆ, ಇನ್ನೊಂದು ಹಿಡಿದಿಡುತ್ತದೆ.

ಅಲ್ಬ್ಯುಮಿನ್ ಅನ್ನು ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ, ಅದೇ ನನಗೆ ಬೇಸರ. ಅದೂ ಪ್ರೋಟೀನ್, ಎಥನಾಲ್ ಹನಿಸಿ ಕಣ ಮಾಡಬಹುದು, ದನದ ಅಲ್ಬ್ಯುಮಿನ್ ಎಲ್ಲ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲೂ ಇರುತ್ತದೆ. ಮೇಲಾಗಿ ಆ ಬಗೆಯ ಔಷಧ ಈಗಾಗಲೇ ಮನುಷ್ಯರಿಗೆ ಕೊಡುತ್ತಿದ್ದಾರೆ. ನೀವು ರೇಷ್ಮೆ ಕಣವನ್ನೇ ಆರಿಸಿದರೂ ಪಕ್ಕದಲ್ಲಿ ಹೋಲಿಕೆಗೆ ಅಲ್ಬ್ಯುಮಿನ್ ಕಣ ಇಡಿ. ಬರೀ ಔಷಧದ ಜೊತೆ ಹೋಲಿಸಿದ ರೇಷ್ಮೆ ಯಾವಾಗಲೂ ಗೆದ್ದ ಹಾಗೆ ಕಾಣುತ್ತದೆ.

ಲಿಪೊಸೋಮ್ ರಕ್ತದ ದಾರಿಯಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಒಳ್ಳೆಯ ಫಾಸ್ಫೋಲಿಪಿಡ್, ಪೆಗ್ ಕೂಡಿಸಿದ ಲಿಪಿಡ್ ಕೊಳ್ಳುವಷ್ಟರಲ್ಲಿ ಬಜೆಟ್ ಮುಗಿಯುತ್ತದೆ. ಕೈಗಾರಿಕೆಗೆ ಹೋಗುವ ಗುರಿ ಇದ್ದರೆ ಕಲಿಯಲೇಬೇಕಾದ ಕೈಕೆಲಸ. ಚಿನ್ನದ ಕಣ ಬೆಳಕಿನಿಂದ ಬಿಸಿಮಾಡಿ ಗಡ್ಡೆ ಸುಡುವವರಿಗೆ. ಅದು ದೇಹದಲ್ಲಿ ಕರಗಿಹೋಗುವ ವಸ್ತು ಅಲ್ಲ.

ಹಾಗಾದರೆ ನೀವು ಯಾರು?

ಒಂದು ವರ್ಷ, ಕಡಿಮೆ ದುಡ್ಡು, ಕಣದ ಗಾತ್ರ ಅಳೆಯುವ ಮಷಿನ್ ಕಾಲೇಜಿನಲ್ಲಿ ಇಲ್ಲ: ಫೈಬ್ರೋಯಿನ್ ಪದರ ಅಥವಾ ಜೆಲ್, ಡಾಕ್ಸೊರುಬಿಸಿನ್. ನ್ಯಾನೊ ಅನ್ನುವ ಪದ ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ಏನೂ ಕಡಿಮೆ ಆಗುವುದಿಲ್ಲ. ಮಷಿನ್ ಇದೆ, ಫ್ರೀಜ್ ಡ್ರೈಯರ್ ಇದೆ, ಕರೆಂಟ್ ಹೋದರೆ ಜನರೇಟರ್ ಇದೆ ಅನ್ನುವವರು ಫೈಬ್ರೋಯಿನ್ ಕಣಕ್ಕೆ ಕೈ ಹಾಕಿ. ಗಾತ್ರವನ್ನು ನೀರಿನಲ್ಲಿ ಅಳೆದ ದಿನವೇ ಸಲೈನ್‌ನಲ್ಲೂ ಅಳೆಯಿರಿ. ಔಷಧ ಪ್ಯಾಕ್ಲಿಟ್ಯಾಕ್ಸೆಲ್ ಥರ ನೀರಿಗೆ ಸೇರದ್ದು ಮತ್ತು ಪುನರಾವರ್ತನೆ ಮುಖ್ಯ ಅಂದರೆ ಪಿಎಲ್‌ಜಿಎ ಇಲ್ಲವೇ ಅಲ್ಬ್ಯುಮಿನ್.

ಅರಿಶಿನದ ಕರ್ಕ್ಯುಮಿನ್ ತುಂಬುತ್ತೇನೆ ಅನ್ನುವವರು ಪ್ರತಿ ವರ್ಷ ಬರುತ್ತಾರೆ. ರೇಷ್ಮೆಯಲ್ಲಿ ಅದು ಚೆನ್ನಾಗಿಯೇ ಕೂರುತ್ತದೆ. ಆದರೆ ಕರ್ಕ್ಯುಮಿನ್ ಹಲವು ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಡುವ ಅಣು ಅಂತ 2017ರಲ್ಲಿ ಔಷಧ ರಸಾಯನ ತಜ್ಞರು ವಿವರವಾಗಿ ಬರೆದಿದ್ದಾರೆ. ವಾಹಕವನ್ನು ಕಲಿಯಲು ಬಳಸಿ, ಕ್ಯಾನ್ಸರ್ ಗೆದ್ದೆವು ಅಂತ ಬರೆಯಲು ಬೇಡ.

ಜೀವಕೋಶಗಳು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಸಿಗುತ್ತವೆ, ನಮಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಅರ್ಜಿಯನ್ನು ಮೊದಲ ತಿಂಗಳಲ್ಲೇ ಹಾಕಿ. ಇಲಿ ಪ್ರಯೋಗ ಬೇಕಾದರೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಗೆ ಹಿಡಿಯುವ ಸಮಯವನ್ನೂ ಲೆಕ್ಕದಲ್ಲಿ ಇಡಿ. ಎಂ.ಫಾರ್ಮ್ ಅವಧಿಯಲ್ಲಿ ಅದು ಹೊಂದುವುದು ಕಷ್ಟ.

ಗುಳೇದಗುಡ್ಡದ ಹುಡುಗಿ ಕೊನೆಗೆ ಪದರ ಆರಿಸಿಕೊಂಡಳು. ಗೂಡನ್ನು ಬಾಗಲಕೋಟೆ ಜಿಲ್ಲೆಯ ಒಬ್ಬ ರೈತರಿಂದಲೇ ತಂದಿದ್ದಾಳೆ. ನೀವೂ ತರುವುದಾದರೆ ಬಿಳಿ ದ್ವಿತಳಿ ಗೂಡು ಕೇಳಿ. ಹಳದಿ ಮಿಶ್ರತಳಿಯ ಬಣ್ಣವೂ ಹೆಚ್ಚಾಗಿ ಅಂಟಿನ ಜೊತೆ ಹೋದೀತು, ಆದರೆ ಬಿಳಿಯಲ್ಲಿ ಆ ಅನುಮಾನವೇ ಬೇಡ. ಚಿಟ್ಟೆ ತೂತು ಮಾಡಿದ ಗೂಡಾದರೂ ನಡೆಯುತ್ತದೆ, ನಮಗೆ ದಾರದ ಉದ್ದ ಬೇಕಿಲ್ಲ. ಆದರೆ ಒಳಗೆ ಹುಳು ಸತ್ತು ಕಪ್ಪಾದದ್ದು ಬೇಡ. ಒಂದು ದ್ವಿತಳಿ ಗೂಡಿನ ಸಿಪ್ಪೆ ಸುಮಾರು 0.4 ಗ್ರಾಂ, ಅಂದರೆ ಒಂದು ಸಲಕ್ಕೆ ಹನ್ನೆರಡು ಹದಿಮೂರು ಗೂಡು. ಪ್ರಾಜೆಕ್ಟ್ ಪೂರ್ತಿಗೆ ಬೇಕಾಗುವಷ್ಟನ್ನು ಒಬ್ಬರೇ ರೈತರ ಒಂದೇ ಬೆಳೆಯಿಂದ ಒಮ್ಮೆಗೇ ತನ್ನಿ. ಚೀಲದ ಮೇಲೆ ಊರು, ತಳಿ, ಗೂಡು ಬಿಡಿಸಿದ ತಾರೀಖು ಬರೆದಿಡಿ.